ಬಾವಿಮೆಟ್ಟಿಲಿನ ಕೌದಿ

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಮಗಳು ಅಟ್ಟದಿಂದ ಮೂರನೆಯ ಗಂಟನ್ನು ಎಳೆದಾಗ ಅದು ಕೈತಪ್ಪಿ ಕೆಳಗೆ ಬಿತ್ತು. ಗಂಟು ಬಿಚ್ಚಿಕೊಂಡು ಬಣ್ಣಬಣ್ಣದ ಬಟ್ಟೆಚೂರುಗಳು ಅಡುಗೆಮನೆಯ ತುಂಬ ಚೆಲ್ಲಾಡಿದವು.

"ಇದರಲ್ಲೂ ಬರೀ ಚಿಂದಿ," ಎಂದಳು ಸ್ಟೂಲು ಹಿಡಿದುಕೊಂಡಿದ್ದ ಗಿಡ್ಡಕ್ಕ. "ಇಳಿ ಮಗಳೇ, ಬಿದ್ದುಗಿದ್ದೀಯ. ಇವತ್ತು ಈ ಮನೇಲಿ ಒಬ್ಬಳು ಮಲಗಿರೋದು ಸಾಕು."

"ಒಂದಾದ್ರೂ ಇರಬೇಕಲ್ವಾ ಗಿಡ್ಡಕ್ಕ? ಐವತ್ತು ವರ್ಷ ಕೌದಿ ಹೊಲಿದವಳು. ಅವಳಿಗೆ ಅಂತ ಒಂದು ಕೌದಿ ಇರಲ್ವಾ?"

"ಇಟ್ಕೊಂಡಿದ್ರೆ ತಾನೇ ಇರೋದು?"

ನಡುಮನೆಯಲ್ಲಿ ಅಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ಅದು ಆಸ್ಪತ್ರೆಯದು. ಮಗಳು ಇಪ್ಪತ್ತು ವರ್ಷದಿಂದ ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹೊದಿಕೆಯ ಮೂಲೆಯಲ್ಲಿದ್ದ ನೀಲಿ ಶಾಯಿಯ ನಂಬರು ಅಮ್ಮನ ಹೆಗಲ ಹತ್ತಿರ ಬಂದಿತ್ತು. ಮಗಳು ಅದನ್ನು ಒಳಕ್ಕೆ ಮಡಿಸಿದಷ್ಟೂ ಅದು ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. ನಿನ್ನೆ ಸಂಜೆ ಅಮ್ಮ ಅರ್ಧ ಲೋಟ ಹಾಲು ಕುಡಿದು, ಉಳಿದದ್ದನ್ನು ಮುಚ್ಚಿಡು ಎಂದು ಹೇಳಿ, ಗೋಡೆಯ ಕಡೆಗೆ ಹೊರಳಿದವಳು ಹಾಗೇ ಹೋಗಿಬಿಟ್ಟಿದ್ದಳು. ಎಪ್ಪತ್ತಾರು ವರ್ಷ. ಮಲಗಿದ್ದಾಗ ಅವಳ ಮೈಮೇಲಿದ್ದದ್ದು ಸಂತೆಯಲ್ಲಿ ಕೊಂಡ ಕಂದುಬಣ್ಣದ ಕಂಬಳಿ, ಅದೂ ಎರಡು ಕಡೆ ತೂತು.

ಬಾಗಿಲಲ್ಲಿ ನಿಂತಿದ್ದ ಮಾವ ಕೈಗಡಿಯಾರ ನೋಡಿಕೊಂಡ. ಅವನು ಅಮ್ಮನ ತಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ದುಃಖವಾದಾಗ ಗಂಟೆ ನೋಡುವುದು ಅವನ ಅಭ್ಯಾಸ. "ಹನ್ನೊಂದಕ್ಕೆ ವ್ಯಾನು ಬರುತ್ತೆ. ಈಗಲೇ ಎಂಟೂವರೆ. ಆ ಬಿಳೀದೇ ಇರಲಿ ಬಿಡು ಮಗು, ಏನಾಗಿದೆ ಅದಕ್ಕೆ?"

"ನಾನು ದಿನಾ ಮುನ್ನೂರು ಮಡಿಸ್ತೀನಿ ಮಾವ ಇಂಥವನ್ನ. ಅಮ್ಮನಿಗೆ ಇದು ಬೇಡ."

ಗಿಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಮ್ಮನ ಪಕ್ಕದಲ್ಲೇ ಕೂತು ಮೂವತ್ತು ವರ್ಷ ಹೊಲಿದವಳು ಅವಳು. ಅಮ್ಮನ ಹೆಗಲಿಗೂ ಬರುತ್ತಿರಲಿಲ್ಲವಾದ್ದರಿಂದ ಆ ಹೆಸರು. "ಈ ಬೀದೀಲಿ ನಿಮ್ಮಮ್ಮನ ಕೌದಿ ಇಲ್ಲದ ಮನೆ ಯಾವುದಿದೆ? ನಾನು ಕೇಳ್ಕೊಂಡು ಬರ್ತೀನಿ ಇರು," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಹತ್ತು ಗಂಟೆಯ ಹೊತ್ತಿಗೆ ಕೌದಿಗಳು ಬಂದವು. ಮೂಲೆಮನೆಯ ಸೊಸೆ ಒಂದು ತಂದಳು. ನಿವೃತ್ತ ಮೇಷ್ಟ್ರು ಒಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಟೈಲರನ ಹೆಂಡತಿ ಎರಡು ತಂದಳು. ಹಳೆಯದು, ಹೊಸದು, ಕೆಂಪಿನದು, ಹಸಿರಿನದು. ಬಣ್ಣ ಯಾವುದಾದರೂ ಎಲ್ಲವೂ ಬಾವಿಮೆಟ್ಟಿಲಿನ ಮಾದರಿಯವೇ. ನಡುವೆ ಅಂಗೈಯಗಲದ ಕಪ್ಪು ಚೌಕ, ಅದು ನೀರು. ಅದರ ಸುತ್ತ ಒಂದರ ಹೊರಗೊಂದು ಪಟ್ಟಿಗಳು, ಎರಡು ಬದಿ ತಿಳಿ, ಎರಡು ಬದಿ ಗಾಢ. ಸ್ವಲ್ಪ ದೂರ ನಿಂತು ನೋಡಿದರೆ ಬಾವಿಯೊಳಗೆ ಇಣುಕಿದ ಹಾಗೆ ಕಾಣುತ್ತಿತ್ತು.

"ನನ್ನದು ಖಂಡಿತ ಅವರೇ ಹೊಲಿದದ್ದು," ಎಂದರು ಮೇಷ್ಟ್ರು. "ನನ್ನ ಮದುವೆಗೆ."

"ನಮ್ಮತ್ತೆ ಸಾಯೋ ತನಕ ಹೇಳ್ತಿದ್ರು, ಇದು ಕೌದಿಯಮ್ಮನ ಕೈದೇ ಅಂತ," ಎಂದಳು ಮೂಲೆಮನೆಯ ಸೊಸೆ.

ಗಿಡ್ಡಕ್ಕ ಒಂದೊಂದನ್ನೇ ಮಗುಚಿ, ಅಸ್ತರಿನ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ಮೇಷ್ಟ್ರದ್ದನ್ನು ನೋಡಿ ನಾಚಿದಳು. "ಇದು ನಂದು ಮೇಷ್ಟ್ರೇ. ನೋಡಿ, ಏಳೆಂಟು ಹೊಲಿಗೆಗೊಂದು ಸೊಟ್ಟ. ನಿಮ್ಮ ಮದುವೆ ಹೊತ್ತಲ್ಲಿ ನಾನಿನ್ನೂ ಹೊಸಬಳು." ಟೈಲರನ ಹೆಂಡತಿಯ ಹೊಸ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದಕ್ಕೆ ತುಂಡೇ ಹಾಕಿಲ್ಲವಲ್ಲಮ್ಮ, ಇದು ಅಚ್ಚು ಹೊಡೆದ ಬಟ್ಟೆ! ಟೈಲರ್ ಮನೆಯವಳೇ ಮೋಸ ಹೋದ್ಯಾ?" ಎಂದಾಗ ಸಾವಿನ ಮನೆಯೆಂಬುದನ್ನೂ ಮರೆತು ಎರಡು ಮೂರು ಜನ ನಕ್ಕರು.

"ಹಾಗಾದ್ರೆ ಅಮ್ಮನದು ಯಾವುದು?" ಎಂದು ಕೇಳಿದಳು ಮಗಳು.

ಗಿಡ್ಡಕ್ಕ ಉಳಿದೆರಡು ಕೌದಿಗಳ ಅಸ್ತರನ್ನು ಮತ್ತೊಮ್ಮೆ ಸವರಿ ನೋಡಿದಳು. "ಹೇಗೆ ಹೇಳಲಿ ಮಗಳೇ? ಸೊಟ್ಟಗಿದ್ದರೆ ಇಂಥವಳದು ಅಂತ ಹೇಳಬಹುದು. ನಿಮ್ಮಮ್ಮಂದು ಅಷ್ಟು ಸರಿಯಾಗಿರ್ತಿತ್ತು, ಗುರುತೇ ಸಿಗ್ತಿರಲಿಲ್ಲ. ಇವೆರಡೂ ಅವಳದ್ದಿರಬಹುದು. ಇಲ್ಲದೇನೂ ಇರಬಹುದು."

ಎರಡನ್ನೂ ಅಮ್ಮನ ಮೇಲೆ ಹೊದಿಸಿದರು. ಆಗ ಮೂಲೆಮನೆಯ ಸೊಸೆ ಮಗಳ ಕಿವಿಯ ಹತ್ತಿರ ಬಂದು, "ತಪ್ಪು ತಿಳ್ಕೋಬೇಡಿ ಅಕ್ಕ. ಮಣ್ಣಿಗೆ ಇಡೋವಾಗ ತೆಗೆದುಕೊಡ್ತೀರಲ್ಲ? ಅತ್ತೆಯ ನೆನಪಿಗೆ ಅಂತ ಇರೋದು ಅದೊಂದೇ," ಎಂದಳು.

*

ಅಮ್ಮ ಕೌದಿ ಅಂಗಡಿಗೆ ಸೇರಿದಾಗ ಅವಳಿಗೆ ಇಪ್ಪತ್ತಾರು. ಅಂಗಡಿಯ ಹಿಂದೆ ಉದ್ದನೆಯ ಕೋಣೆ, ಕೋಣೆಯ ಉದ್ದಕ್ಕೂ ಚಾಪೆ, ಎದುರುಬದುರಾಗಿ ಹನ್ನೆರಡು ಹೆಂಗಸರು. ಗೋಡೆಯ ಮೊಳೆಗೆ ಬಟ್ಟೆ ಕತ್ತರಿಸುವ ನಾಲ್ಕು ತಗಡಿನ ಅಚ್ಚುಗಳನ್ನು ತೂಗುಹಾಕಿದ್ದರು: ಬಾವಿಮೆಟ್ಟಿಲು, ಗಾಳಿಚಕ್ರ, ಹಕ್ಕಿಸಾಲು, ಜೋಡಿಚೌಕ. ಯಜಮಾನರ ಅಜ್ಜನ ಕಾಲದ ಅಚ್ಚುಗಳು. ಅವುಗಳ ಅಂಚು ಸವೆದು ಸವೆದು ಬ್ಲೇಡಿನಂತಾಗಿತ್ತು.

ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಅಮ್ಮ ನಾಲ್ಕು ದಿನ ಮನೆಯಲ್ಲಿದ್ದು ಐದನೆಯ ದಿನ ಚಾಪೆಗೆ ಮರಳಿದಳು. ಬಾವಿಮೆಟ್ಟಿಲನ್ನೇ ಎಲ್ಲರೂ ಕೇಳುತ್ತಿದ್ದುದರಿಂದ ಅದೇ ಅವಳ ಪಾಲಿಗೆ ಬಂತು.

ಮಗಳಿಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ಒಂದೂವರೆ ತಿಂಗಳು ಹಾಸಿಗೆ ಬಿಡಲಿಲ್ಲ. ಅಮ್ಮ ಕೆಲಸಕ್ಕೆ ಹೋಗದೆ ಪಕ್ಕದಲ್ಲೇ ಕೂತಿರುತ್ತಿದ್ದಳು. ಕಿಟಕಿಯ ಮುರಿದ ಪಟ್ಟಿಗಳ ಸಂದಿಯಿಂದ ಬಿಸಿಲು ಎದುರುಗೋಡೆಗೆ ಬಿದ್ದು ಬೆಳಗಿನಿಂದ ಸಂಜೆಯ ತನಕ ಓರೆಯಾಗಿ ಸರಿಯುತ್ತಿತ್ತು. ಜ್ವರದ ಮಗು ಅದನ್ನು ನೋಡುತ್ತಿತ್ತು. ಮಗು ನೋಡುತ್ತಿದ್ದುದನ್ನು ಅಮ್ಮ ನೋಡಿದಳು. ಒಂದು ದಿನ ಚಿಂದಿಯ ಗಂಟು ಬಿಚ್ಚಿ, ಅಚ್ಚಿಲ್ಲದೆ, ಅಳತೆಯಿಲ್ಲದೆ ಕತ್ತರಿ ಹಾಕಿದಳು. ಓರೆ ಪಟ್ಟಿಗಳು, ಒಂದರಂತೆ ಇನ್ನೊಂದಿಲ್ಲ. ಒಂದು ಮೂಲೆಯಲ್ಲಿ ಹಳದಿ ತುಂಬಿಕೊಂಡು, ಬರಬರುತ್ತಾ ಬಣ್ಣ ಕಳೆದುಕೊಂಡು, ಕೊನೆಯ ಮೂಲೆಯಲ್ಲಿ ಬೂದುಬಣ್ಣಕ್ಕೆ ತಿರುಗುವ ಕೌದಿ. ಹೊಲಿಯುವಾಗ ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಏನೋ ಗುನುಗುತ್ತಿದ್ದಳು. ಅಂಗಡಿಯ ಕೌದಿ ಹೊಲಿಯುವಾಗ ಅವಳು ಗುನುಗಿದ್ದನ್ನು ಮಗಳು ಒಮ್ಮೆಯೂ ಕೇಳಿರಲಿಲ್ಲ.

ಜ್ವರ ಇಳಿದ ಮೇಲೆ ಅಮ್ಮ ಆ ಕೌದಿಯನ್ನು ಮಡಿಸಿ, ಒಂದು ಕೈಯಲ್ಲಿ ಮಗಳನ್ನು ಹಿಡಿದು, ಅಂಗಡಿಗೆ ಹೋದಳು. ಯಜಮಾನರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಚೆನ್ನಾಗಿದೆಯಮ್ಮ. ಇಲ್ಲ ಅನ್ನಲ್ಲ. ಆದ್ರೆ ಇದನ್ನ ಯಾರು ತಗೋತಾರೆ?"

"ಒಂದು ಸಲ ಮುಂದೆ ತೂಗುಹಾಕಿ ನೋಡಿ ಅಣ್ಣಾವ್ರೇ."

"ಜನ ನನ್ನ ಹತ್ರ ಕೌದಿ ಕೊಳ್ಳೋಕೆ ಬರ್ತಾರೆ ಅಂದ್ಕೊಂಡಿದ್ದೀಯಾ? ಅವರ ಅಜ್ಜಿ ಮನೆ ಕೊಳ್ಳೋಕೆ ಬರ್ತಾರೆ. ಅವರಜ್ಜಿ ಮನೇಲಿ ಇದು ಇರಲಿಲ್ಲ."

ಆದರೂ ಅವರು ಕೆಟ್ಟವರಲ್ಲ. ಮೂರು ತಿಂಗಳು ಅಂಗಡಿಯ ಮುಂಭಾಗದ ಗಾಜಿನ ಹಿಂದೆ ತೂಗುಹಾಕಿದರು. ಬಂದವರು ನಿಂತು ನೋಡಿ, "ಅದನ್ನ ಯಾಕೆ ಅರ್ಧಕ್ಕೆ ಬಿಟ್ಟಿದ್ದೀರಿ?" ಎಂದು ಕೇಳಿ, ಒಳಗೆ ಬಂದು ಬಾವಿಮೆಟ್ಟಿಲು ಕೊಂಡು ಹೋದರು. ಬಿಸಿಲಿಗೆ ಹಳದಿ ಮಂಕಾಯಿತು. ಅಮ್ಮ ಅದನ್ನು ಮನೆಗೆ ತಂದಳು. ಆ ಚಳಿಗಾಲ ಮಗಳು ಅದನ್ನೇ ಹೊದ್ದು ಮಲಗಿದಳು.

ಮರುವರ್ಷ ಬೇಡಿಕೆ ಹೆಚ್ಚಾಗಿ ತಿಳಿಬಣ್ಣದ ತುಂಡುಗಳು ಸಾಲದೆ ಬಂದವು. ಶಾಲೆಯಿಂದ ಬಂದ ಮಗಳು ನೋಡಿದರೆ ಅಮ್ಮ ನೆಲದ ಮೇಲೆ ಕೂತು ಬ್ಲೇಡಿನಿಂದ ಆ ಕೌದಿಯ ಹೊಲಿಗೆ ಬಿಚ್ಚುತ್ತಿದ್ದಳು. ಪಟ್ಟಿಗಳನ್ನು ಬಣ್ಣವಾರು ಬೇರೆ ಬೇರೆ ಒಟ್ಟಿದ್ದಳು.

"ಅಮ್ಮಾ, ಅದು ನಂದಲ್ವಾ?"

"ನಿನಗೆ ಜ್ವರ ಬಿಟ್ಟಿದೆಯಲ್ಲ," ಎಂದಳು ಅಮ್ಮ ತಲೆಯೆತ್ತದೆ.

*

ಹತ್ತೂವರೆಗೆ ಅಂಗಡಿಯ ಯಜಮಾನರು ಬಂದರು. ಎಂಬತ್ತೈದು ದಾಟಿತ್ತು. ಈಗ ಅಂಗಡಿ ನಡೆಸುವುದು ಮಗ, ಹೊಲಿಯುವುದು ಮೆಷಿನ್ನು. ಡ್ರೈವರು ಅವರನ್ನು ತೋಳು ಹಿಡಿದು ಕರೆತಂದು ಕುರ್ಚಿಯ ಮೇಲೆ ಕೂರಿಸಿ, ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಹೊಚ್ಚಹೊಸ ಬಾವಿಮೆಟ್ಟಿಲಿನ ಕೌದಿಯೊಂದನ್ನು ಅವರ ತೊಡೆಯ ಮೇಲಿಟ್ಟ.

"ನಮ್ಮಂಗಡಿ ಹೆಸರು ನಿಂತಿದ್ದೇ ಇವಳ ಕೈ ಮೇಲೆ," ಎಂದರು ಯಜಮಾನರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಏನೇನೋ ಫ್ಯಾಷನ್ ಬಂತು, ಹೋಯ್ತು. ನನ್ನ ಮಗ ಹೂವು ಹಾಕಿಸಿದ, ಕಾರು ಬೊಂಬೆ ಹಾಕಿಸಿದ. ಇವತ್ತಿಗೂ ನೂರು ಜನ ಬಂದ್ರೆ ಎಂಬತ್ತು ಜನ ಬಾವಿಮೆಟ್ಟಿಲೇ ಕೊಡಿ ಅಂತಾರೆ. ತಗೋ ತಾಯಿ, ಇದನ್ನ ಅವಳಿಗೆ ಹೊದಿಸು. ವಾಪಸ್ ಬೇಡ."

ಮಗಳು ಕೌದಿಯನ್ನು ತೆಗೆದುಕೊಳ್ಳಲಿಲ್ಲ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ಅಣ್ಣಾವ್ರೇ, ಅಮ್ಮ ಒಂದು ಸಲ ತಾನೇ ಒಂದು ಹೊಸ ಬಗೆಯ ಕೌದಿ ಮಾಡಿದ್ದಳು. ನೀವು ಗಾಜಿನ ಹಿಂದೆ ಹಾಕಿದ್ರಿ. ಮೂರು ತಿಂಗಳು. ನೆನಪಿದೆಯಾ?"

ಯಜಮಾನರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಕಷ್ಟಪಟ್ಟು ಯೋಚಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. "ಗಾಜಿನ ಹಿಂದೆ ಯಾವಾಗಲೂ ಬಾವಿಮೆಟ್ಟಿಲೇ ಅಲ್ವೇನಮ್ಮ ಹಾಕ್ತಿದ್ದಿದ್ದು?"

"ಓರೆ ಪಟ್ಟಿ ಇತ್ತು. ನಡುವೆ ಚೌಕ ಇರಲಿಲ್ಲ."

"ನಡುವೆ ಚೌಕ ಇಲ್ಲದೆ ಬಾವಿಮೆಟ್ಟಿಲು ಹೇಗಾಗುತ್ತೆ?"

ಮಗಳು ಗಿಡ್ಡಕ್ಕನ ಕಡೆ ತಿರುಗಿದಳು.

"ನನಗೆ ನೆನಪಿದೆ ಕಣೇ," ಎಂದಳು ಗಿಡ್ಡಕ್ಕ. "ನೀಲಿಯದು. ಹಕ್ಕಿಸಾಲಿನ ಥರ ಇತ್ತು."

"ನೀಲಿಯಲ್ಲ ಗಿಡ್ಡಕ್ಕ, ಹಳದಿ."

"ಹಳದಿನಾ? ನೀಲಿ ಅನ್ನಿಸುತ್ತೆ ನನಗೆ."

ಮಗಳು ಬೆರಳನ್ನು ನೆಲದ ಮೇಲಿಟ್ಟು ಒಂದು ಓರೆಗೆರೆ ಎಳೆದಳು. ಅದರ ಪಕ್ಕ ಇನ್ನೊಂದು. ಪಟ್ಟಿಗಳು ಎಡದಿಂದ ಬಲಕ್ಕೆ ಇಳಿಯುತ್ತಿದ್ದವೋ, ಬಲದಿಂದ ಎಡಕ್ಕೋ? ಹಳದಿ ತಲೆಯ ಕಡೆಗಿತ್ತೋ, ಕಾಲಿನ ಕಡೆಗೋ? ಹಳದಿಗೂ ಬೂದುಬಣ್ಣಕ್ಕೂ ನಡುವೆ ಯಾವ ಬಣ್ಣವಿತ್ತು? ಒಂದು ಚಳಿಗಾಲವಿಡೀ ಗಲ್ಲದ ತನಕ ಹೊದ್ದುಕೊಂಡಿದ್ದ ಕೌದಿ. ಬೆರಳು ಮುಂದೆ ಹೋಗಲಿಲ್ಲ. ನೆಲದ ಮೇಲೆ ಗೆರೆಯೂ ಮೂಡಿರಲಿಲ್ಲ.

*

ಆರು ವರ್ಷದ ಹಿಂದೆ ಕಣ್ಣಿನ ಡಾಕ್ಟರು ನರ ಒಣಗಿದೆ, ದೃಷ್ಟಿ ಇನ್ನು ಹಿಂದಕ್ಕೆ ಬರುವುದಿಲ್ಲ ಎಂದು ಹೇಳಿದ್ದರು. ಅಮ್ಮನಿಗೆ ಬೆಳಕಿದೆ, ಇಲ್ಲ ಎಂಬುದಷ್ಟೇ ತಿಳಿಯುತ್ತಿತ್ತು. ಅಂಗಡಿಯವರು ಬರಬೇಡ ಎಂದರೂ ಬೀದಿಯವರು ಬಟ್ಟೆ ತಂದು ಕೊಡುತ್ತಿದ್ದರು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಅಮ್ಮ ಬೆರಳಲ್ಲೇ ಅಳೆದು, ಬೆರಳಲ್ಲೇ ಮಡಿಸಿ, ಬಾವಿಮೆಟ್ಟಿಲು ಹೊಲಿಯುತ್ತಿದ್ದಳು. ತಿಳಿಬಣ್ಣ ಬಲಕ್ಕೆ, ಗಾಢ ಎಡಕ್ಕೆ ಇಟ್ಟುಕೊಟ್ಟರೆ ಸಾಕು, ಒಂದೂ ತಪ್ಪುತ್ತಿರಲಿಲ್ಲ.

ಒಂದು ಸಂಜೆ ಮಗಳು ಬಂದು ಕಾಲು ಚಾಚಿ ಕೂತಿದ್ದಾಗ ಅಮ್ಮ ಕೇಳಿದಳು. "ನಿನಗೆ ರಜೆ ಇದ್ದ ದಿನ ನನ್ನ ಪಕ್ಕ ಕೂತ್ಕೋತೀಯಾ?"

"ಯಾಕೆ?"

"ಆ ಓರೇದು ಇನ್ನೊಂದು ಮಾಡೋಣ ಅಂತ. ಬಣ್ಣ ನನಗೆ ಕಾಣಲ್ಲ. ನಾನು ಹೇಳ್ತೀನಿ, ನೀನು ಕತ್ತರಿಸಿ ಕೊಡು. ಎಲ್ಲ ತಲೇಲಿದೆ. ಇನ್ನೂ ಇದೆ."

ಅಂದು ಆಸ್ಪತ್ರೆಯಲ್ಲಿ ಇಬ್ಬರು ರಜೆ ಹಾಕಿದ್ದರು. ಮಗಳ ಕೈಬೆರಳುಗಳ ಸಂದಿಯಲ್ಲಿ ಸೋಪಿನ ಪುಡಿಗೆ ಚರ್ಮ ಬಿರಿದಿತ್ತು. ಇನ್ನೊಂದು ಬಟ್ಟೆಯನ್ನು ಮುಟ್ಟುವುದನ್ನು ನೆನೆದರೆ ಮೈ ಉರಿಯುತ್ತಿತ್ತು.

"ಅದನ್ನ ಯಾರಮ್ಮ ತಗೋತಾರೆ?" ಎಂದಳು.

ಹೇಳಿದ ಮೇಲೆ ಅದು ಯಾರ ಮಾತೆಂದು ಅವಳಿಗೆ ನೆನಪಾಯಿತು. ಅಮ್ಮನಿಗೂ ನೆನಪಾಗಿತ್ತು, ಅವಳ ಮುಖ ಮಾತು ಬಂದ ಕಡೆಯಿಂದ ಮೆಲ್ಲಗೆ ಬೇರೆ ಕಡೆಗೆ ತಿರುಗಿತು. ಕೈ ಮಾತ್ರ ನಿಲ್ಲಲಿಲ್ಲ.

"ಹೌದಲ್ವಾ," ಎಂದಳು ಅಮ್ಮ. "ಸುಮ್ನೆ ಕೇಳ್ದೆ."

ಮಗಳು ಮುಂದಿನ ವಾರ ಕೂರೋಣ ಎಂದುಕೊಂಡಳು. ಮುಂದಿನ ವಾರ ಬೇರೆ ಏನೋ ಬಂತು. ಆರು ವರ್ಷದಲ್ಲಿ ಅಮ್ಮ ಮತ್ತೆ ಕೇಳಲಿಲ್ಲ. ಪ್ರತಿ ರಜೆಯ ದಿನವೂ ಮಗಳಿಗೆ ಅದು ನೆನಪಾಗುತ್ತಿತ್ತು, ಪ್ರತಿ ರಜೆಯ ದಿನವೂ ಅಮ್ಮ ತಾನಾಗಿ ಕೇಳಲಿ ಎಂದು ಅವಳು ಕಾಯುತ್ತಿದ್ದಳು.

*

ವ್ಯಾನು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬಂತು. ದಾರಿಯುದ್ದಕ್ಕೂ ಎರಡು ಕೌದಿಗಳು ಅಮ್ಮನ ಮೇಲಿದ್ದವು. ಸ್ಮಶಾನದಲ್ಲಿ ಗುಂಡಿ ತೋಡಿ ಇಟ್ಟಿದ್ದರು. ತೋಡಿದವನು ಹಾರೆಗೆ ಒರಗಿ, "ಹೊದಿಕೆ ತೆಗೆಯೋದಿದ್ರೆ ಈಗಲೇ ತೆಗೀರಿ," ಎಂದ.

ಮೂಲೆಮನೆಯ ಸೊಸೆ ಮುಂದೆ ಬಂದು ತನ್ನದನ್ನು ಎತ್ತಿ, ಮಣ್ಣು ತಾಗದಂತೆ ನಾಲ್ಕು ಮಡಿಕೆ ಮಾಡಿ, ಎದೆಗೆ ಅವಚಿಕೊಂಡಳು. ಟೈಲರನ ಹೆಂಡತಿ ತನ್ನದನ್ನು ತೆಗೆಯುವಾಗ, "ಕ್ಷಮಿಸಮ್ಮ, ಇನ್ನು ಇಂಥದ್ದು ಎಲ್ಲಿ ಸಿಗುತ್ತೆ," ಎಂದು ಅಮ್ಮನಿಗೇ ಹೇಳಿ ಅತ್ತಳು. ಉಳಿದದ್ದು ನೀಲಿ ನಂಬರಿನ ಬಿಳಿ ಹೊದಿಕೆ.

ಮಾವ ಯಜಮಾನರು ಬಿಟ್ಟುಹೋದ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಪ್ಲಾಸ್ಟಿಕ್ ಹೊದಿಕೆ ಹರಿಯತೊಡಗಿದ. "ಇದನ್ನಾದ್ರೂ ಹಾಕೋಣ. ಇದನ್ನ ಯಾರೂ ವಾಪಸ್ ಕೇಳಲ್ಲ. ಬರಿಗೈಲಿ ಕಳಿಸಿದ ಹಾಗಾಗುತ್ತೆ ಮಗು."

"ಬೇಡ ಮಾವ."

"ಹಟ ಮಾಡಬೇಡ."

"ಐವತ್ತು ವರ್ಷ ಅದರ ಕೆಳಗೇ ಇದ್ದಳು. ಈಗಲಾದ್ರೂ ಬಿಟ್ಟುಬಿಡಿ ಅವಳನ್ನ."

ಅವಳ ದನಿ ಎಷ್ಟು ಮೇಲೇರಿತ್ತೆಂದರೆ ಹಾರೆಯವನೂ ನೆಟ್ಟಗೆ ನಿಂತ. ಮಾವ ಕೈಗಡಿಯಾರ ನೋಡಿಕೊಂಡು, ಗಡಿಯಾರದ ಮೇಲೆಯೇ ಕಣ್ಣು ನೆಟ್ಟು, ಹೆಗಲು ಕುಲುಕುವಂತೆ ಅತ್ತ. ಬಿಳಿ ಹೊದಿಕೆಯಲ್ಲೇ ಅಮ್ಮನನ್ನು ಇಳಿಸಿದರು. ಮೊದಲ ಹಿಡಿ ಮಣ್ಣನ್ನು ಮಗಳು ಹಾಕಿದಳು. ತಪ್ಪಾಯ್ತು ಎಂದು ಹೇಳಬೇಕೆಂದಿದ್ದಳು, ಹೇಳಲಿಲ್ಲ. ಕೇಳಿಸಿಕೊಳ್ಳುವವಳು ಇದ್ದಾಗ ಹೇಳದೆ ಉಳಿದ ಮಾತನ್ನು ಮಣ್ಣಿಗೆ ಹೇಳಿ ಏನು ಪ್ರಯೋಜನ ಅನ್ನಿಸಿತು.

ಮೂರು ಗಂಟೆಯ ಹೊತ್ತಿಗೆ ಮನೆ ಖಾಲಿಯಾಯಿತು. ಗಿಡ್ಡಕ್ಕ ಇರುತ್ತೇನೆಂದರೂ ಮಗಳೇ ಕಳಿಸಿದಳು. ಸ್ನಾನ ಮಾಡಿ, ನಡುಮನೆ ಒರೆಸಿ, ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಗುರುತಿಲ್ಲದ ಹೆಂಗಸು, ನಲವತ್ತರ ಆಸುಪಾಸು, ಬೆವರಿದ ಮುಖ, ಕೈಯಲ್ಲಿ ಬಟ್ಟೆ ತುಂಬಿದ ದೊಡ್ಡ ಚೀಲ.

"ಕೌದಿ ಹೊಲಿಯೋ ಅಮ್ಮ ಇರೋದು ಇಲ್ಲೇ ಅಲ್ವಾ? ಎರಡು ಬಸ್ಸು ಬದಲಾಯಿಸಿ ಬಂದೆ."

"ಅಮ್ಮ ಇಲ್ಲ," ಎಂದಳು ಮಗಳು.

"ಅಯ್ಯೋ. ಎಷ್ಟೊತ್ತಿಗೆ ಬರ್ತಾರೆ?"

ಮಗಳು ಬಾಯಿ ತೆರೆದಳು. ಹೇಳಬೇಕಾದ ಮಾತು ಬಹಳ ಚಿಕ್ಕದು. ಬೆಳಗಿನಿಂದ ಎಷ್ಟೋ ಜನ ಅವಳೆದುರಿಗೇ ಆಡಿದ್ದರು. ಹೆಂಗಸು ಅಷ್ಟರಲ್ಲಿ ಒಳಗೆ ಬಂದು ಕುರ್ಚಿಯೊಂದನ್ನು ಎಳೆದು ಕೂತಾಗಿತ್ತು.

"ಕಾಯ್ತೀನಿ ಬಿಡಿ, ಪರವಾಗಿಲ್ಲ. ಏನೋ ಕಾರ್ಯಕ್ರಮ ಇತ್ತು ಅನ್ನಿಸುತ್ತೆ, ಇಷ್ಟೊಂದು ಕುರ್ಚಿ. ನನ್ನ ಮಗಳು ಓದೋಕೆ ದೂರ ಹೊರಟಿದ್ದಾಳೆ. ನಮ್ಮಜ್ಜಿ ಹತ್ರ ಒಂದು ಕೌದಿ ಇತ್ತು, ಬಾವಿಮೆಟ್ಟಿಲಿಂದು, ಇಲ್ಲಿಂದಲೇ ತಂದಿದ್ದಂತೆ. ಹರಿದುಹೋಯ್ತು. ಅಂಥದ್ದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮೆಷಿನ್ನಿಂದು ಬೇಡವಂತೆ." ಅವಳು ಚೀಲ ಬಿಚ್ಚಿ, ಚಿಕ್ಕ ಲಂಗ, ಶಾಲೆಯ ಅಂಗಿ, ಹೂವಿನ ಫ್ರಾಕು ಒಂದೊಂದನ್ನೇ ತೆಗೆದು ಈಗಷ್ಟೇ ಒರೆಸಿದ ನೆಲದ ಮೇಲೆ ಹರಡತೊಡಗಿದಳು. "ಇವೆಲ್ಲ ಅವಳವೇ. ಸಾಕಾಗುತ್ತಾ ನೋಡಿ."

ಮಗಳು ಬಗ್ಗಿ ಫ್ರಾಕನ್ನು ಎತ್ತಿಕೊಂಡಳು. ಬಟ್ಟೆ ಮಾಸಿದ್ದರೂ ಗಟ್ಟಿಯಿತ್ತು. "ಓರೆ ಪಟ್ಟಿ ಇಟ್ಟು ಹೊಲಿದರೆ?" ಎಂದು ಕೇಳಿದಳು. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. "ನಡುವೆ ಚೌಕ ಇರಲ್ಲ. ಒಂದು ಮೂಲೇಲಿ ಬೆಳಕು ಇರುತ್ತೆ, ಆಮೇಲೆ..." ಆಮೇಲೆ ಏನೆಂದು ಅವಳಿಗೆ ತಿಳಿಯಲಿಲ್ಲ.

ಹೆಂಗಸು ಮರ್ಯಾದೆಗೆ ಒಂದು ಕ್ಷಣ ಯೋಚಿಸಿದವಳಂತೆ ಮಾಡಿದಳು. "ಬೇಡ ಬಿಡಿ. ಅವಳಿಗೆ ಅಲ್ಲಿ ಮನೆ ನೆನಪಾಗಬೇಕಲ್ಲ? ಅಜ್ಜಿದು ಹೇಗಿತ್ತೋ ಹಾಗೇ ಇರಲಿ." ಮತ್ತೆ ಬಾಗಿಲ ಕಡೆ ನೋಡಿ, "ಅಮ್ಮ ಬರೋದು ತಡ ಆಗುತ್ತಾ?" ಎಂದಳು.

"ಆಗುತ್ತೆ," ಎಂದಳು ಮಗಳು. "ನಾನೇ ಬರ್ಕೋತೀನಿ. ಮಂಚದ ಅಳತೆ ತಂದಿದ್ದೀರಾ?"

"ಅಳತೆ ತಂದಿಲ್ಲವಲ್ಲ. ಅಜ್ಜಿ ಕೌದಿಯ ಅಗಲ ಸರಿಯಾಗಿ ನಾನು ಎರಡೂ ಕೈ ಚಾಚಿದಷ್ಟು. ಅವಳು ಚಿಕ್ಕವಳಿದ್ದಾಗ ಪಕ್ಕ ಮಲಗಿಸಿಕೊಂಡು ನೋಡಿದ್ದೀನಿ, ಹೀಗೆ."

ಹೆಂಗಸು ಎದ್ದು, ಹರಡಿದ ಬಟ್ಟೆಗಳ ನಡುವೆ ಕಾಲಿಡಲು ಜಾಗ ಮಾಡಿಕೊಂಡು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ನಿಂತಳು. ಮಗಳು ಗೋಡೆಯ ಗೂಡಿನಿಂದ ಟೇಪು ತಂದು, ಅದರ ತುದಿಯನ್ನು ಆಕೆಯ ಎಡಗೈ ಬೆರಳುಗಳಿಗೆ ಕೊಟ್ಟು, ಆ ಚಾಚಿದ ತೋಳುಗಳ ಮುಂದೆ, ಆಕೆಯ ಉಸಿರು ತಾಗುವಷ್ಟು ಹತ್ತಿರದಲ್ಲಿ, ಒಂದೊಂದೇ ಹೆಜ್ಜೆ ಬಲಕ್ಕೆ ಸರಿದಳು.